ಹಾಡು ಒಬ್ಬರದು, ಅರ್ಥ ಒಬ್ಬರದು

ಮೊನ್ನೆ ಟಿ. ನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಹುಡುಗಿ ಮೊಬೈಲಿನಲ್ಲಿ ಸಿನಿಮಾ ಹಾಡು ಹಾಕಿಕೊಂಡು ಕೂತಿದ್ದಳು. ಇಯರ್‌ಫೋನ್ ಇಲ್ಲ, ಬಸ್ಸಿಗೆ ಕಾಯುತ್ತಿದ್ದವರೆಲ್ಲ ಕೇಳಲೇಬೇಕು. ಹಳೆಯ ಹಾಡು. ತಡವಾಗಿ ಬಂದ ನಾಯಕನನ್ನು ನಾಯಕಿ ಬಾಗಿಲಲ್ಲೇ ನಿಲ್ಲಿಸಿಕೊಂಡು ಬೈಯುತ್ತಾಳೆ. ಮೊದಲ ಸಾಲು ಮುಗಿಯುತ್ತಿದ್ದಂತೆ ನನ್ನ ಬಾಯಿಂದ ತಾನಾಗಿಯೇ ‘ಹೂಂ’ ಎಂದು ಹೊರಟಿತು. ಪಕ್ಕದಲ್ಲಿದ್ದ ಹೆಂಗಸು ತಿರುಗಿ ನೋಡಿದರು. ಏನೆಂದು ಹೇಳಲಿ? ಹುಲ್ಲಹಳ್ಳಿ ಕಡೆಯ ಒಂದು ಊರಿನ ಹಾಲಿನ ಡೈರಿಯಲ್ಲಿ ಅಂಟಿದ ಅಭ್ಯಾಸ ಇದು, ಅಂಟಿಸಿದವರು ಹೋದ ಕಾರ್ತಿಕದಲ್ಲಿ ತೀರಿಕೊಂಡರು ಎಂದು ವಿವರಿಸುವಷ್ಟರಲ್ಲಿ ಬಸ್ಸು ಬಂದುಬಿಡುತ್ತದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅವರು ಆ ಡೈರಿಯ ಸೆಕ್ರೆಟರಿ. ಸ್ವಲ್ಪ ಗದ್ದೆ, ಎರಡು ಹಸು, ಮುಂಭಾಗದ ಎರಡು ಕೋಣೆ ಬಾಡಿಗೆಗೆ ಬಿಟ್ಟ ಒಂದು ಮನೆ. ಆ ಎರಡು ಕೋಣೆಯಲ್ಲಿ ನಾನಿದ್ದೆ, ಊರಿನ ಪ್ರಾಥಮಿಕ ಶಾಲೆಯ ಮಿಸ್ಸು. ಸೆಕ್ರೆಟರಿಗಳು ಎತ್ತರದ ಆಳು, ಹಣೆಯ ತುಂಬ ವಿಭೂತಿ, ಕಿವಿಯ ಸಂದಿಯಲ್ಲಿ ಒಂದು ಪೆನ್ನು. ದೇವರು ಎಲ್ಲ ಕೊಟ್ಟು ಕಂಠ ಕೊಡುವುದನ್ನು ಮಾತ್ರ ಮರೆತಿದ್ದ. ಇವರು ಹಾಡಿದರೆ ಕೊಟ್ಟಿಗೆಯಲ್ಲಿ ಹಸು ಹಾಲು ಬಿಡುವುದಿಲ್ಲ ಎಂದು ಅವರ ಹೆಂಡತಿಯೇ ಬೀದಿಗೆ ಕೇಳುವಂತೆ ಹೇಳುತ್ತಿದ್ದರು. ಆಕೆಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಗಂಡನ ವಿಷಯದಲ್ಲಿ ಅಕ್ಕನ ನಾಲಿಗೆಗೆ ರಜೆಯೇ ಇರಲಿಲ್ಲ.

ಆ ಊರಿನಲ್ಲಿ ಶ್ರಾವಣ ಬಂದರೆ ಬಸವೇಶ್ವರನ ಗುಡಿಯಲ್ಲಿ ಪುರಾಣ ಓದಿಸುತ್ತಾರೆ. ಒಬ್ಬರು ಪದ್ಯವನ್ನು ರಾಗವಾಗಿ ಓದಬೇಕು, ಇನ್ನೊಬ್ಬರು ಅದಕ್ಕೆ ಅರ್ಥ ಹೇಳಬೇಕು. ಕೂತು ಕೇಳುವವರಿಗೂ ಒಂದು ಕೆಲಸ ಉಂಟು, ಮಾತುಮಾತಿಗೂ ಹೂಂಗುಟ್ಟಬೇಕು. ಸೆಕ್ರೆಟರಿಗಳ ತಂದೆಗೆ ಒಳ್ಳೆಯ ಕಂಠವಿತ್ತು, ಅವರು ಓದುತ್ತಿದ್ದರು. ಕಂಠವಿಲ್ಲದ ಮಗನನ್ನು ಚಿಕ್ಕ ವಯಸ್ಸಿಗೇ ಪಕ್ಕದಲ್ಲಿ ಕೂರಿಸಿಕೊಂಡು ಅರ್ಥ ಹೇಳಲು ಬಿಟ್ಟರು. ತಂದೆ ಹೋದರು, ಓದುವವರು ಬದಲಾದರು, ಅರ್ಥದ ಜಾಗ ಮಾತ್ರ ಇವರದೇ ಆಗಿ ಉಳಿಯಿತು. ಆದರೆ ಶ್ರಾವಣ ಒಂದೇ ತಿಂಗಳು. ಅರ್ಥ ಹೇಳಿ ರುಚಿ ಹತ್ತಿದ ಬಾಯಿ ಉಳಿದ ತಿಂಗಳೆಲ್ಲ ಸುಮ್ಮನಿರುವುದಾದರೂ ಹೇಗೆ? ಡೈರಿಯಲ್ಲಿ ಒಂದು ಮೈಕು ಇತ್ತು. ಬೂಸಾ ಬಂದಿದೆ, ನಾಳೆ ಹಸುಗಳಿಗೆ ಲಸಿಕೆ ಇದೆ ಎಂದು ಸಾರುವುದಕ್ಕೆ ಇಟ್ಟ ಮೈಕು. ಅದಕ್ಕೆ ಅವರು ತಮ್ಮ ಫೋನು ಸೇರಿಸಿದರು.

ಬೆಳಿಗ್ಗೆ ಹಾಲು ಹಾಕಲು ಹೆಂಗಸರು ಸಾಲು ನಿಂತಿರುತ್ತಿದ್ದರು. ಒಬ್ಬೊಬ್ಬರ ಹಾಲು ಅಳೆದು, ಸ್ಯಾಂಪಲ್ ತೆಗೆದು, ಫ್ಯಾಟ್ ನೋಡುವಷ್ಟರಲ್ಲಿ ಹೊತ್ತು ಹೋಗುತ್ತಿತ್ತು. ಆ ಹೊತ್ತಿಗೆ ಸೆಕ್ರೆಟರಿಗಳು ಒಂದು ಸಿನಿಮಾ ಹಾಡು ಹಚ್ಚುತ್ತಿದ್ದರು. ಒಂದು ಸಾಲು ಆದ ಕೂಡಲೇ ಟಪ್ಪೆಂದು ನಿಲ್ಲಿಸಿ ಮೈಕಿಗೆ ಬಾಯಿ ಕೊಡುತ್ತಿದ್ದರು.

“ಅಂದ್ರೆ ಏನವ್ವಾ? ನಾಯಕಿ ಬೈತಾವ್ಳೆ. ಯಾಕೆ ತಡ ಮಾಡ್ದೆ, ಅನ್ನ ಆರೋಯ್ತು ಅಂತಾವ್ಳೆ. ಆದ್ರೆ ನಿಂತ್ಕೊಂಡು ಬೈತಾ ಇರೋದು ಎಲ್ಲಿ? ಬಾಗ್ಲಲ್ಲಿ. ಬಾಗ್ಲು ಏನಾಗದೆ? ತೆಗ್ದದೆ. ಬಾಗ್ಲು ತೆಗೀದೇ ಇದ್ರೆ ಬೈಯೋದಾದ್ರೂ ಎಂಗೆ? ದೇವ್ರೂ ಅಂಗೇ ಕಣ್ರವ್ವ. ನಾವು ತಡ ಮಾಡೇ ಮಾಡ್ತೀವಿ. ಅವ್ನು ಬೈತಾನೆ. ಬಾಗ್ಲು ಮಾತ್ರ ಆಕಲ್ಲ. ಹೂಂ ಅನ್ನಿ.”

“ಹೂಂ” ಎನ್ನುತ್ತಿತ್ತು ಸಾಲು.

“ಜೋರಾಗನ್ನಿ. ಹೂಂ ಅನ್ದೆ ಅರ್ಥ ಮುಂದಕ್ಕೆ ಓಗಲ್ಲ.”

ವಿವರಿಸುವವರನ್ನು ಕಂಡರೆ ನನಗೆ ಆಗದು. ದಿನವಿಡೀ ಮಕ್ಕಳಿಗೆ ವಿವರಿಸಿ ಗಂಟಲು ಒಣಗಿಸಿಕೊಳ್ಳುವವಳಿಗೆ ಬೆಳಿಗ್ಗೆ ಅರ್ಧ ಲೀಟರ್ ಹಾಲಿಗೆ ಬಂದಲ್ಲೂ ಪಾಠ ಕೇಳಬೇಕೆಂದರೆ ಹೇಗಿರಬೇಡ. ಬಂದ ಹೊಸತರಲ್ಲಿ ಒಮ್ಮೆ ತಡೆಯಲಾರದೆ ಕೇಳಿಯೇಬಿಟ್ಟೆ. “ಸರ್, ನಿಮ್ಮ ಪುರಾಣದಲ್ಲಿ ಶಿವ ಗಂಡ, ಭಕ್ತ ಹೆಂಡತಿ. ಇಲ್ಲಿ ನೋಡಿದರೆ ಬೈಯುವವಳು ನಾಯಕಿ. ಶಿವ ಯಾವಾಗ ಹೆಂಡತಿ ಆದ?”

ಸಾಲಿನಲ್ಲಿದ್ದವರು ಸೆರಗು ಬಾಯಿಗಿಟ್ಟುಕೊಂಡರು. ಸೆಕ್ರೆಟರಿಗಳು ಸ್ವಲ್ಪವೂ ತಡವರಿಸಲಿಲ್ಲ. “ಅರ್ಧನಾರೀಶ್ವರ ಕಣ್ರೀ ಮಿಸ್ಸೇ. ಬೈಯೋವಾಗ ಆ ಅರ್ಧ ಮುಂದಕ್ಕೆ ಬತ್ತದೆ” ಎಂದರು. ಅವತ್ತಿನಿಂದ ನಾನೂ ಹೂಂ ಎನ್ನುವವರ ಸಾಲಿಗೆ ಸೇರಿದೆ.

ಎಲ್ಲ ಹಾಡಿಗೂ ಅರ್ಥ ಹೊಂದುತ್ತಿತ್ತೆಂದಲ್ಲ. ಒಂದು ಸಲ ಹಾಲು ಹಾಕಲು ಬಂದ ಗಂಡಸೊಬ್ಬ, “ಇದುಕ್ಕೆ ಅರ್ಥ ಏಳಿ ನೋಡವಾ” ಎಂದು ಕುಡುಕನೊಬ್ಬ ಇನ್ನೊಂದು ಗ್ಲಾಸು ಕೊಡು ಎಂದು ಅಂಗಡಿಯವನನ್ನು ಗೋಗರೆಯುವ ಹಾಡನ್ನು ಹಚ್ಚಿಸಿದ. ಸೆಕ್ರೆಟರಿಗಳು ಕಣ್ಣು ಮುಚ್ಚಿ ಕೇಳಿದರು. “ಇದ್ರಲ್ಲಿ ಬರೀ ತಾಳ ಅದೆ, ಅರ್ಥ ಇಲ್ಲ” ಎಂದು ಫೋನು ಜೇಬಿಗೆ ಹಾಕಿಕೊಂಡರು. ಆ ದಿನವೆಲ್ಲ ಮುಖ ಸಪ್ಪೆ. ಮಾರನೆಯ ಬೆಳಿಗ್ಗೆ ಹಾಲಿನ ಲಾರಿ ಹೊರಟೇಬಿಟ್ಟಿತ್ತು, ಹೆಂಗಸರು ಕ್ಯಾನು ತೊಳೆದುಕೊಂಡು ಮನೆಯ ದಾರಿ ಹಿಡಿದಿದ್ದರು. ಆಗ ಮೈಕು ಕೂಗಿತು. “ಸಿಕ್ತು ಕಣ್ರವ್ವೋ! ಕುಡುಕ್ನಿಗೆ ಒಂದು ಗೊತ್ತು. ಕೊಡೋನು ಬೇರೆ, ಈಸ್ಕೊಳ್ಳೋನು ತಾನು ಅಂತ. ಅದ್ಕೇ ಕೈ ಚಾಚ್ತಾನೆ. ನಾವು ನಂಜುಂಡೇಶ್ವರನ ಮುಂದೆ ನಿಂತ್ಕೊಂಡು ಕೈ ಚಾಚ್ತೀವಾ? ಕಾಯಿ ಒಡ್ಸಿದೀನಿ, ಅದ್ಕೇನು ಕೊಡ್ತೀಯೋ ಕೊಡು ಅಂತೀವಿ. ಹೂಂ ಅನ್ನಿ!” ಬೀದಿಯಲ್ಲಿ ಹೋಗುತ್ತಿದ್ದವರು ನಿಂತಲ್ಲೇ ಹೂಂ ಎಂದರು. ಅಕ್ಕ ಮನೆಯ ಜಗುಲಿಯಿಂದ, “ಅವ್ರ ಬಾಯ್ಗೆ ಯಾರಾದ್ರೂ ಬೂಸಾ ತುಂಬ್ರವ್ವ” ಎಂದರು.

ಯಾರಿಗೂ ಎದುರಾ ಎದುರು ಬುದ್ಧಿ ಹೇಳುವ ಅಭ್ಯಾಸ ಅವರಿಗೆ ಇರಲಿಲ್ಲ. ಹಾಡು ಆರಿಸುತ್ತಿದ್ದರು, ಅಷ್ಟೆ. ಒಂದು ವರ್ಷ ನನ್ನ ಮದುವೆಯ ಮಾತು ನಿಶ್ಚಿತಾರ್ಥದವರೆಗೂ ಬಂದು ಮುರಿದುಬಿತ್ತು. ಹುಡುಗನ ಮನೆಯವರು ಬಿಳಿಗೆರೆಯವರು. ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸಿದರು. ನಾನು ಯಾರಿಗೂ ಹೇಳಲಿಲ್ಲ. ಆದರೆ ಬಾಡಿಗೆ ಮನೆಯ ಗೋಡೆಗೆ ಕಿವಿ ಇರುತ್ತದೆ. ಮೂರನೆಯ ದಿನ ಹಾಲಿಗೆ ಹೋದಾಗ ಮೈಕಿನಲ್ಲಿ ಒಂದು ಕುಣಿತದ ಹಾಡು. ಜಗಳವಾಡಿದ ನಾಯಕಿ ನಾಯಕನಿಗೆ ಬೆನ್ನು ಹಾಕಿ ಬಳೆ ಆಡಿಸಿಕೊಂಡು ನಡೆದುಹೋಗುತ್ತಾಳೆ. ಸೆಕ್ರೆಟರಿಗಳು ನನ್ನ ಕಡೆ ನೋಡಲಿಲ್ಲ. ಲೌಡ್‌ಸ್ಪೀಕರಿನ ಕಡೆ ನೋಡಿಕೊಂಡು ಹೇಳಿದರು. “ಜಗ್ಳ ಆಯ್ತು, ಬಿಟ್ಟೋಯ್ತಾವ್ಳೆ. ಆದ್ರೂ ಬಳೆ ಸದ್ದು ಮಾಡ್ತಾ ಅದೆ. ಅಂದ್ರೇನವ್ವಾ? ಕೈ ಬಿಟ್ಟೋನು ಬಳೆ ಸದ್ದ ತಗಂಡೋಗಾಕಾಗಲ್ಲ. ಅದು ಇವಳ್ದು. ಹೂಂ ಅನ್ನಿ.”

ಸಾಲು ಹೂಂ ಎಂದಿತು. ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಮದುವೆ ಮುರಿದದ್ದು ಡೈರಿಯ ಮೈಕಿನಲ್ಲಿ! ಹಾಲು ತೆಗೆದುಕೊಳ್ಳದೆ ಮನೆಗೆ ಬಂದು ಕರಿ ಕಾಫಿ ಕುಡಿದು ಶಾಲೆಗೆ ಹೋದೆ. ಬೋರ್ಡಿನ ಮೇಲೆ ಬರೆಯುವಾಗ ಕೈಯ ಗಾಜಿನ ಬಳೆ ಸದ್ದು ಮಾಡಿತು. ಅಲ್ಲಿಯವರೆಗೆ ನನ್ನ ಬಳೆಯ ಸದ್ದನ್ನು ನಾನೇ ಕೇಳಿಸಿಕೊಂಡಿರಲಿಲ್ಲ. ಮಕ್ಕಳಿಗೆ ಬೆನ್ನು ತಿರುಗಿಸಿಕೊಂಡೇ ಸ್ವಲ್ಪ ಅತ್ತೆ, ಆಮೇಲೆ ಹಗುರವಾಯಿತು. ಸಂಜೆ ಅಕ್ಕ ಹಾಲಿನ ಲೋಟ ತಂದಿಟ್ಟು, “ಕೋಪ ಅವ್ರ ಮೇಲೆ ಇರ್ಲಿ, ಆಲಿನ ಮೇಲೆ ಯಾಕೆ?” ಎಂದು ಹೋದರು.

ಇಂಥ ಮನುಷ್ಯನಿಗೆ ಶಿವರಾತ್ರಿ ಕಳೆದ ವಾರದಲ್ಲಿ ಲಕ್ವ ಹೊಡೆಯಿತು. ನಂಜನಗೂಡಿಗೆ ಕರೆದುಕೊಂಡು ಹೋದರು, ಅಲ್ಲಿಂದ ಮೈಸೂರಿಗೆ. ಜೀವ ಉಳಿಯಿತು. ಬಲಗೈ ಸ್ವಲ್ಪ ಸೋತಿತ್ತು, ಕಾಲು ಎಳೆಯುತ್ತಿತ್ತು. ಮಾತು ಪೂರ್ತಿ ಹೋಗಿತ್ತು. ನಾವು ಹೇಳುವುದೆಲ್ಲ ಅವರಿಗೆ ತಿಳಿಯುತ್ತಿತ್ತು, ಉತ್ತರ ಕಣ್ಣಿನವರೆಗೆ ಬರುತ್ತಿತ್ತು, ಬಾಯಿಗೆ ಇಳಿಯುತ್ತಿರಲಿಲ್ಲ. ಅರ್ಥ ಹೇಳುವುದೇ ಬದುಕಾಗಿದ್ದವರಿಗೆ ಹೀಗಾದದ್ದು ನೋಡಿ ನನಗೆ ಅವರ ದೇವರ ಮೇಲೂ ಸಿಟ್ಟು ಬಂತು. ಬಾಗಿಲು ಹಾಕುವುದಿಲ್ಲ ಎಂದು ಊರಿಗೆಲ್ಲ ಸಾರಿದವರ ಬಾಯಿಯ ಬಾಗಿಲನ್ನೇ ಹಾಕಿದನಲ್ಲ ಎಂದು ಅಕ್ಕನ ಮುಂದೆ ಹೇಳಿಯೂ ಹೇಳಿದೆ. ಅಕ್ಕ ಗಂಜಿ ಕಲಸುತ್ತಲೇ ಇದ್ದರು.

ಒಂದು ಮಧ್ಯಾಹ್ನ ಅಕ್ಕ ಗಂಜಿಯ ಚಮಚ ಬಾಯಿಗೆ ಹಿಡಿದಾಗ ಅವರು ಮುಖ ತಿರುಗಿಸಿ ಬಾಯಿ ತೆರೆದರು. ಬಂದದ್ದು ಹಾಡು. ಯಾವುದೋ ಯುಗಳಗೀತೆಯ ಎರಡು ಸಾಲು, ಒಂದಕ್ಷರ ತಪ್ಪಿಲ್ಲ, ರಾಗ ಎಂದಿನಂತೆ ಎಲ್ಲೆಲ್ಲಿಗೋ ಹೋಗುತ್ತಿತ್ತು. ಅಕ್ಕನ ಕೈಯಿಂದ ಚಮಚ ಬಿತ್ತು. “ಮಿಸ್ಸೇ, ಬನ್ರೀ ಬೇಗ, ಆಡ್ತಾವ್ರೆ!” ಎಂದು ಕೂಗಿಕೊಂಡರು. ನಾನು ಓಡಿ ಹೋದೆ. ಅವರೂ ಬೆರಗಾಗಿ ತಮ್ಮ ಬಾಯಿಯನ್ನು ತಾವೇ ಎಡಗೈಯಲ್ಲಿ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಮಾತು ಹೋಗಿ ಹಾಡು ಉಳಿದಿತ್ತು. ಅದೂ ಆ ಕಂಠದಲ್ಲಿ!

ಆಮೇಲೆ ಶುರುವಾಯಿತು ಫಜೀತಿ. ಆ ಊರನ್ನು ಅವರೇ ತಾನೆ ಇಷ್ಟು ವರ್ಷ ತಯಾರು ಮಾಡಿದ್ದು, ಪ್ರತಿ ಸಾಲಿಗೂ ಒಂದು ಅರ್ಥ ಇದ್ದೇ ಇರುತ್ತದೆಂದು? ಈಗ ಅವರು ಏನು ಹಾಡಿದರೂ ಜನ ಅರ್ಥ ಹುಡುಕತೊಡಗಿದರು. ಮಲ್ಲಿಗೆಯ ಹಾಡು ಹಾಡಿದರೆ ಯಾರೋ ಮಲ್ಲಿಗೆ ತಂದು ದೇವರ ಮನೆಯಲ್ಲಿಟ್ಟರು. ಮಳೆಯ ಹಾಡು ಬಂದರೆ ಒಣಹಾಕಿದ ಭತ್ತ ಒಳಗೆ ಬಂತು. ಒಂದು ಬೆಳಿಗ್ಗೆ ಹಾಲು ಹಾಕಿ ನೋಡಲು ಬಂದ ಹೆಂಗಸರು ಸುತ್ತ ಕೂತಿದ್ದಾಗ ಅವರು ವಿದಾಯದ ಹಾಡೊಂದನ್ನು ಎತ್ತಿಕೊಂಡರು. ನಾಯಕ ಎಲ್ಲರಿಗೂ ಕೈಮುಗಿದು, ನಾನು ಹೊರಟೆ, ಇನ್ನು ತಡೆಯಬೇಡಿ ಎನ್ನುವ ಹಾಡು. ಒಂದು ಸಲವಲ್ಲ, ಬಿಡದೆ ಮೇಲಿಂದ ಮೇಲೆ ಹಾಡಿದರು, ಕಣ್ಣಲ್ಲಿ ನೀರು ತಂದುಕೊಂಡು ಹಾಡಿದರು.

ಮನೆ ಗೊಳೋ ಎಂದಿತು. ಒಬ್ಬಾಕೆ ಬಾಯಿಗೆ ತೀರ್ಥ ಬಿಟ್ಟಳು. ಟಿ. ನರಸೀಪುರಕ್ಕೆ ಕೊಟ್ಟ ಮಗಳಿಗೆ ಫೋನು ಹೋಯಿತು. ಅವಳು ಸಿಕ್ಕ ಬಸ್ಸು ಹತ್ತಿ, ನಂಜನಗೂಡಿನಲ್ಲಿ ಇನ್ನೊಂದು ಬಸ್ಸು ಹಿಡಿದು, ದಾರಿಯುದ್ದಕ್ಕೂ ಅಳುತ್ತಾ ಹೊರಟಳು. ಇತ್ತ ಹಾಡು ಇನ್ನೂ ಜೋರಾಯಿತು. ಹೊರಗಿನಿಂದ ಆಗ ತಾನೇ ಬಂದ ಅಕ್ಕ ಗುಂಪನ್ನು ಸರಿಸಿಕೊಂಡು ಒಳಗೆ ನುಗ್ಗಿ ಗಂಡನ ಮುಖ ನೋಡಿದರು.

“ಎದ್ದೇಳ್ರೇ ಎಲ್ಲಾರೂವೆ! ದಾರಿ ಬಿಡ್ರಿ!” ಎಂದು ಗದರಿದರು. “ಇವ್ರು ಒರಟಿರೋದು ಕೈಲಾಸಕ್ಕಲ್ಲ, ಬಚ್ಚಲಿಗೆ!”

ಮಗಳು ಬಂದಿಳಿದಾಗ ತಂದೆ ಜಗುಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ಅತ್ತವರೇ ನಕ್ಕರು, ನಕ್ಕವರೇ ಮತ್ತೆ ಅತ್ತರು. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವರು ಮಾತ್ರ ನಗಲಿಲ್ಲ.

ಅಲ್ಲಿಂದ ಹಾಡುವುದನ್ನೂ ನಿಲ್ಲಿಸಿಬಿಟ್ಟರು. ಹೇಳಬೇಕಾದ್ದು ಒಂದು, ಬಾಯಿಂದ ಬರುವುದು ಇನ್ನೊಂದು, ಊರು ತಿಳಿದುಕೊಳ್ಳುವುದು ಮತ್ತೊಂದು. ಸಾಕಾಗಿತ್ತು ಅವರಿಗೆ. ಮಗಳು ಮೈಸೂರಿನಲ್ಲಿ ಒಬ್ಬ ಮಾತಿನ ಡಾಕ್ಟರಮ್ಮನ ಹತ್ತಿರ ತಂದೆಯನ್ನು ಕರೆದುಕೊಂಡು ಹೋದಳು. ಮಾತು ಇರುವ ಜಾಗಕ್ಕೆ ಪೆಟ್ಟಾಗಿದೆ, ಹಾಡು ಇರುವ ಜಾಗ ಚೆನ್ನಾಗಿದೆ, ಹಾಡಲು ಬಿಡಿ, ಹಾಡಿನ ಬೆರಳು ಹಿಡಿದುಕೊಂಡು ಮಾತು ನಿಧಾನವಾಗಿ ಬರಬಹುದು, ಬಾಯಿ ಮುಚ್ಚಿಕೊಂಡು ಕೂತರೆ ಮಾತ್ರ ಕಷ್ಟ ಎಂದು ಆಕೆ ಹೇಳಿದರಂತೆ. ಇವರು ಬಾಯಿ ಮುಚ್ಚಿಕೊಂಡೇ ಕೂತರು. ಕೇಳಿದ್ದಕ್ಕೆ ಹೂಂ, ಉಹೂಂ ಕೂಡ ಇಲ್ಲ. ಡೈರಿಗೆ ಹೊಸ ಸೆಕ್ರೆಟರಿ ಬಂದರು, ಮೈಕು ಮತ್ತೆ ಬೂಸಾಕ್ಕೆ ಮೀಸಲಾಯಿತು. ಶ್ರಾವಣದ ಪುರಾಣಕ್ಕೆ ಹದಿನಾರು ಎಂಬ ಊರಿನಿಂದ ಅರ್ಥ ಹೇಳುವವರನ್ನು ಕರೆಸಿದರು. ಗುಡಿಯ ದನಿ ಮನೆಯವರೆಗೂ ಕೇಳುತ್ತಿತ್ತು. ಇವರು ಎದ್ದು ಕಿಟಕಿ ಮುಚ್ಚಿದರು.

ಅಕ್ಕ ಇದನ್ನೆಲ್ಲ ನೋಡುತ್ತಿದ್ದರು. ಶ್ರಾವಣ ಮುಗಿದ ಮೇಲೆ ಒಂದು ಬೆಳಿಗ್ಗೆ ನನ್ನ ಬಾಗಿಲು ತಟ್ಟಿದರು. “ಬನ್ರೀ ಮಿಸ್ಸೇ, ಒಂದು ಕೈ ಇಡ್ಕೊಳ್ಳಿ. ಇವ್ರನ್ನ ಡೈರಿಗೆ ಕರ್ಕಂಡೋಗವಾ” ಎಂದರು. ಅಕ್ಕ ಡೈರಿಯ ಒಳಗೆ ಕಾಲಿಟ್ಟದ್ದನ್ನು ನಾನು ಅವತ್ತಿನವರೆಗೆ ನೋಡಿರಲಿಲ್ಲ. ಸೆಕ್ರೆಟರಿಗಳು ಬರಲು ಒಪ್ಪಲಿಲ್ಲ. ಕಂಬ ಹಿಡಿದುಕೊಂಡರು. ಅಕ್ಕ ಒಂದೊಂದೇ ಬೆರಳು ಬಿಡಿಸಿದರು. ಇಬ್ಬರೂ ಎರಡು ಕಡೆ ಹಿಡಿದುಕೊಂಡು ಹೊರಟೆವು.

ಹಳೆಯ ಬೆಂಚಿನ ಮೇಲೆ ಕೂರಿಸಿದೆವು. ಸಾಲಿನಲ್ಲಿದ್ದವರು ಕ್ಯಾನು ಕೆಳಗಿಟ್ಟರು. ಅಕ್ಕ ಹೊಸ ಸೆಕ್ರೆಟರಿಗೆ ಗಂಡನ ಫೋನು ಕೊಟ್ಟು, “ಆ ಬಾಗ್ಲ ಆಡು ಆಕಪ್ಪ” ಎಂದರು. ಹಾಡು ಬಂತು. ತಡವಾಗಿ ಬಂದವನನ್ನು ನಾಯಕಿ ಬೈದಳು. ಮೊದಲ ಸಾಲು ಮುಗಿದ ಕೂಡಲೇ ಅಕ್ಕ ಕೈ ಎತ್ತಿ ನಿಲ್ಲಿಸಿದರು. ಆ ಜಾಗದಲ್ಲಿ ವರ್ಷಗಟ್ಟಲೆ ಒಬ್ಬರ ದನಿ ಬರುತ್ತಿತ್ತು. ಈಗ ಎದುರಿನ ಮನೆಯ ಕರು ಕೂಗುವುದು ಮಾತ್ರ ಕೇಳಿಸಿತು. ಅವರ ತುಟಿ ಅದುರಿತು, ಕತ್ತಿನ ನರ ಉಬ್ಬಿತು. ಕೊನೆಗೆ ಅದೇ ಸಾಲನ್ನು ಅವರು ಹಾಡಿದರು. ತಿಂಗಳುಗಳ ಮೇಲೆ ಬಂದ ದನಿ, ಮೊದಲಿಗಿಂತಲೂ ಒರಟು. ಹಾಡಿ ಮುಗಿಸಿ ತಲೆ ತಗ್ಗಿಸಿಕೊಂಡರು. ಎಡಗೈಯ ಬೆರಳುಗಳು ಪಂಚೆಯ ಅಂಚನ್ನು ಬಿಗಿಯಾಗಿ ಹಿಡಿದಿದ್ದವು.

ಅಕ್ಕ ಮೈಕು ತೆಗೆದುಕೊಂಡರು. ಎಲ್ಲಿ ಹಿಡಿಯಬೇಕೆಂದು ತಿಳಿಯದೆ ಸೌಟು ಹಿಡಿದ ಹಾಗೆ ಹಿಡಿದುಕೊಂಡಿದ್ದರು.

“ಅಂದ್ರೆ ಏನವ್ವಾ?” ಎಂದರು. “ಇವ್ರು ಇಷ್ಟು ವರ್ಸ ಏಳಿದ್ದು ಅರ್ಧ ಅರ್ಥ. ಬಾಗ್ಲು ತೆಗ್ದದೆ, ತಡ ಮಾಡ್ದೋರು ಒಳಿಕ್ಕೆ ಬರ್ಬೋದು ಅಂತ ಏಳುದ್ರು. ಬಾಗ್ಲಲ್ಲಿ ನಿಂತಿರೋಳ ಕಾಲು ನೋಯ್ತದೆ ಅಂತ ಏಳಿದ್ರಾ? ಅದು ನಂಗೆ ಗೊತ್ತು. ಇವ್ರ ಮಾತು ಎಲ್ಲೂ ಓಗಿಲ್ಲ ಕಣ್ರವ್ವ. ದಾರೀಲದೆ. ಬರೋಕೆ ತಡ ಆಗದೆ. ಆಗ್ಲಿ. ಬೇಗ ಬಾ ಅಂತ ದಿನಾ ಬೈತೀನಿ. ಬಾಗ್ಲು ಮಾತ್ರ ಆಕಲ್ಲ.”

ಅಲ್ಲಿಗೆ ಅಕ್ಕ ಮೈಕು ಕೆಳಗಿಟ್ಟರು. ಹೂಂ ಅನ್ನಿ ಎಂದು ಕೇಳುವುದು ಮರೆತೇಹೋಯಿತು. ಸಾಲಿನಲ್ಲಿದ್ದವರು ಯಾರೂ ಹೂಂ ಎನ್ನಲಿಲ್ಲ.

“ಹೂಂ” ಎಂದು ಕೇಳಿಸಿತು.

ಬೆಂಚಿನಿಂದ. ಜೀವಮಾನವೆಲ್ಲ ಬೇರೆಯವರಿಂದ ಹೂಂ ಅನ್ನಿಸಿದವರು ತಾವೇ ಹೆಂಡತಿಯ ಮಾತಿಗೆ ಹೂಂಗುಟ್ಟಿದ್ದರು. ಅದು ಯಾವ ಹಾಡಿನದೂ ಅಲ್ಲ, ಅವರದೇ. ನಾನು ಗೋಡೆಯ ಕಡೆ ತಿರುಗಿ ನಿಂತೆ. ಹಾಲಿನ ಲಾರಿಯವನು ಬಂದು ಹಾರನ್ ಹೊಡೆಯುತ್ತಿದ್ದರೂ ಯಾರೂ ಕದಲಲಿಲ್ಲ.

ಅವತ್ತಿನಿಂದ ಡೈರಿಯಲ್ಲಿ ಹಾಡು ಅವರದು, ಅರ್ಥ ಅಕ್ಕನದು. ಅಪ್ಪನಿಗೆ ಓದುವ ಕಂಠವಿತ್ತು, ಮಗನಿಗೆ ಇರಲಿಲ್ಲ. ಆದರೂ ಕೊನೆಗೆ ಅವರು ಅಪ್ಪನ ಜಾಗದಲ್ಲೇ ಕೂತರು. ಆ ಕಂಠದ ಬಗ್ಗೆ ಈಗ ಅಕ್ಕ ಕೂಡ ಏನೂ ಅನ್ನುತ್ತಿರಲಿಲ್ಲ. ಅಕ್ಕನ ಅರ್ಥಗಳಲ್ಲಿ ದೇವರು ಸ್ವಲ್ಪ ಕಡಿಮೆ, ಅಡುಗೆಮನೆ, ಕೊಟ್ಟಿಗೆ ಸ್ವಲ್ಪ ಜಾಸ್ತಿ. ಹೆಂಗಸರು ಮೊದಲಿಗಿಂತ ಜೋರಾಗಿ ಹೂಂ ಎನ್ನುತ್ತಿದ್ದರು.

ಮುಂದಿನ ವರ್ಷ ನನಗೆ ಟಿ. ನರಸೀಪುರಕ್ಕೆ ವರ್ಗವಾಯಿತು. ಮದುವೆಯೂ ಆಯಿತು. ಅವರಿಬ್ಬರೂ ಮಗಳ ಜೊತೆ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಸೆಕ್ರೆಟರಿಗಳು ನನ್ನ ಕೈ ಹಿಡಿದು ಬಳೆಯನ್ನು ಒಂದು ಸಲ ಆಡಿಸಿ, ನಕ್ಕು, ಊಟಕ್ಕೆ ಎದ್ದು ಹೋದರು.

ಅದಾಗಿ ಎಷ್ಟೋ ತಿಂಗಳ ಮೇಲೆ ಒಂದು ದಿನ ಮಧ್ಯಾಹ್ನ, ಶಾಲೆಯಲ್ಲಿ ಬಿಸಿಯೂಟದ ಹೊತ್ತು, ಅಕ್ಕನ ಫೋನು ಬಂತು. ಉಸಿರು ಹಿಡಿಯಲು ಆಗದಷ್ಟು ಆತುರ. ತಟ್ಟೆ ಕೆಳಗಿಟ್ಟು ಹೊರಗೆ ಬಂದೆ.

“ಮಿಸ್ಸೇ, ಮಾತು ಬಂತು ಕಣ್ರೀ! ಬೆಳಿಗ್ಗೆ ಡೈರೀಲಿ ನಾನು ಅರ್ಥ ಏಳ್ತಿದ್ದೆ. ಮೈಕಿಗೆ ಕೈ ಅಡ್ಡ ಇಟ್ರು. ‘ಅರ್ಥ ಅದಲ್ಲ ಕಣೇ’ ಅಂದ್ರು. ಎಲ್ಲಾರೂ ಕೇಳ್ದೋ. ಬಂದಿದ್ದು ಬಂದಿದ್ದೇ ಜಗ್ಳಕ್ಕೆ ಬಂತು ನೋಡಿ!”

ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು. “ಅದಕ್ಕೆ ನೀವೇನಂದ್ರಿ ಅಕ್ಕ?” ಎಂದು ಕೇಳಿದೆ.

“ಇನ್ನೇನಂತೀನಿ?” ಎಂದರು ಅಕ್ಕ. “ಇಷ್ಟು ದಿನ ಎಲ್ಲೋಗಿದ್ದೆ ಅಂತ ಆ ಮಾತ್ಗೆ ಚೆನ್ನಾಗಿ ಬೈದೆ.”